ದಾರಿಗೆ ಅಡ್ಡ ಹಿಡಿದ ಪೇಟ

ಒಮ್ದುರ್ಮಾನ್,
ನವೆಂಬರ್, ಭಾನುವಾರ

ಕೈರೋದ ಚಳಿಯಲ್ಲಿ ಮಂಡಿ ಹಿಡಿದುಕೊಂಡು ಕೂತಿರುವ ನನ್ನ ಅಮ್ಮನಿಗೆ ಸಿತ್ತನಾಳ ಸಲಾಮುಗಳು.

ಫೋನು ಸತ್ತು ಬಿದ್ದಿದೆ, ಅದಕ್ಕೇ ಕಾಗದ. ಇಲ್ಹಾಂ ಚಿಕ್ಕಮ್ಮ ಬೆಳಿಗ್ಗೆ ಲಾರಿ ಹತ್ತುತ್ತಾಳೆ, ಅವಳ ಕೈಲಿ ಕಳಿಸುತ್ತಿದ್ದೇನೆ. ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಅಪ್ಪ ಚೆನ್ನಾಗಿದ್ದಾರೆ, ನಾನೂ ಚೆನ್ನಾಗಿದ್ದೇನೆ.

ಇಷ್ಟು ಬರೆದು ಎದ್ದು ಹೋದೆ. ಒಲೆ ನೋಡಿದೆ, ಬಾಗಿಲು ನೋಡಿದೆ, ಮತ್ತೆ ಬಂದು ಕೂತೆ. ಚಿಕ್ಕಮ್ಮನ ಬಾಯಿ ನಿನಗೆ ಗೊತ್ತಲ್ಲ, ಹೇಗೂ ಹೇಳಿಬಿಡುತ್ತಾಳೆ. ಅಪ್ಪ ಚೆನ್ನಾಗಿರಲಿಲ್ಲ ಅಮ್ಮ. ಹೊಟ್ಟೆಗೆ ಏನೂ ಹಾಕಿಕೊಳ್ಳುತ್ತಿರಲಿಲ್ಲ.

ಶಾಲೆಯ ಅಂಗಳದಲ್ಲಿ ಬೀದಿಯವರೆಲ್ಲ ಸೇರಿ ತಕಿಯಾ ಅಡುಗೆಮನೆ ನಡೆಸುತ್ತಿದ್ದೇವೆ. ಈ ಯುದ್ಧದಲ್ಲಿ ಯಾರ ಮನೆಯಲ್ಲೂ ಒಲೆ ಉರಿಯದಿರುವಾಗ ಎಲ್ಲರಿಗೂ ಒಂದೇ ಹಂಡೆಯಲ್ಲಿ ಬೇಳೆ, ಒಂದೇ ಹಂಡೆಯಲ್ಲಿ ಜೋಳದ ಮುದ್ದೆ. ಮುರಿದ ಬೆಂಚುಗಳೇ ಸೌದೆ. ಉಣ್ಣುವವರು ತಾವೇ ಪಾತ್ರೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಬೇಯಿಸುವವರ ಮನೆಗೆ ಹಿಂಬಾಗಿಲಿಂದ ಏನೂ ಹೋಗಕೂಡದು ಅಂತ ನಿಯಮ ಮಾಡಿದೆವು. ಹಸಿವಿನ ಮುಂದೆ ಎಲ್ಲರೂ ಒಂದೇ ಅಂತ ನಾನೇ ಗಂಟಲು ಹರಿದುಕೊಂಡಿದ್ದೆ. ಆ ನಿಯಮ ಬಂದು ಹೊಡೆದದ್ದು ನಮ್ಮ ಮನೆಗೇ.

ಅಪ್ಪ ಸಾಲಿಗೆ ಬರಲಿಲ್ಲ. ನಾನು ನನ್ನ ಪಾಲನ್ನು ಮನೆಗೆ ತಂದರೆ ಅದನ್ನೂ ಮುಟ್ಟಲಿಲ್ಲ. "ಈ ಮನೆ ಊಟ ಹೊರಗೆ ಹೋಗಿದೆ ಮಗಳೇ, ಹೊರಗಿನ ಊಟ ಒಳಗೆ ಬಂದಿಲ್ಲ" ಅಂದರು. ಆಮೇಲೆ ಜಗಳವೇ ಬೇಡ ಅಂತ, "ಶರಫುದ್ದೀನನ ಮನೇಲಿ ಉಂಡೆ, ಹೊಟ್ಟೆ ಬಿರಿಯೋ ಹಾಗೆ ಬಡಿಸಿದ" ಅನ್ನತೊಡಗಿದರು. ಒಂದು ದಿನ ಆ ದಾರಿಯಲ್ಲಿ ಹೋದೆ. ಶರಫುದ್ದೀನನ ಮನೆಗೆ ಬೀಗ, ಬೀಗದ ಮೇಲೆ ತುಕ್ಕು. ಅವನು ಊರು ಬಿಟ್ಟು ತಿಂಗಳುಗಳೇ ಆಗಿವೆ. ಅವತ್ತೇ ಸಂಜೆ ಅಪ್ಪ ಅಂಗಳದಲ್ಲಿ ಕುಸಿದು ಬಿದ್ದರು. ಎತ್ತಿದರೆ ಹಗುರ, ಅಮ್ಮ. ನನ್ನೊಬ್ಬಳಿಗೇ ಎತ್ತಲು ಬಂತು.

ನನ್ನ ಜೊತೆ ಹಂಡೆ ತಿರುಗಿಸುವ ಬತೂಲ್ ಕೇಳಿ ಬೈದಳು. "ಲೇ, ನಿಮ್ಮಪ್ಪನ್ನ ಉಣ್ಣೋರ ಸಾಲಿಗೆ ಯಾಕೆ ಕರೀತೀಯ? ಉಣ್ಣಿಸೋರ ಜಾಗದಲ್ಲಿ ಕೂರಿಸು. ರಮದಾನಿನಲ್ಲಿ ಪೇಟ ಬಿಚ್ಚಿ ದಾರಿಗೆ ಅಡ್ಡ ಹಿಡಿದು ಬಸ್ಸೇ ನಿಲ್ಲಿಸ್ತಿದ್ರಲ್ಲ, ಎಲ್ಲರೂ ಇಳಿದು ಉಂಡು ಹೋಗಿ ಅಂತ!"

"ಈಗೆಲ್ಲಿ ರಮದಾನು?" ಅಂದೆ.

"ಉಪವಾಸ ಇದ್ದೀವಲ್ಲ, ತಿಂಗಳು ಬೇರೆ ಕೇಡು!"

ಮಾರನೆಯ ದಿನ ಹೊತ್ತು ಮುಳುಗುವಾಗ ಬಾಗಿಲ ಮುಂದೆ ಚಾಪೆ ಹಾಸಿ, ಹಂಡೆಯಿಂದ ತುಂಬಿ ತಂದ ತಟ್ಟೆ ಇಟ್ಟೆ. "ಅಪ್ಪಾ, ಸೇತುವೆ ಕಡೆಯಿಂದ ಜನ ಹಸಿದುಕೊಂಡು ಬರ್ತಿದಾರೆ, ನಮ್ಮ ಬಾಗಿಲು ದಾಟಿ ಹೋಗ್ತಿದಾರೆ" ಅಂದೆ. ಅಪ್ಪ ತಲೆ ಎತ್ತಿ ಬೀದಿ ನೋಡಿದರು. ಆಮೇಲೆ, "ನನ್ನ ಪೇಟ ಎಲ್ಲಿಟ್ಟೆ?" ಅಂದರು.

ಗೋಡೆ ಹಿಡಿದುಕೊಂಡೇ ಹೋಗಿ ಗಂಟು ಹೊತ್ತ ಒಬ್ಬನನ್ನು ತಡೆದರು. ಅವನು ಬೇಡವೆಂದ. ಅಪ್ಪ ಕೂಗಿದರು, "ನೀನು ಉಣ್ಣದೆ ಹೋದ್ರೆ ನನ್ನ ಹೆಂಡ್ತಿಗೆ ತಲಾಕ್!" ನೋಡಮ್ಮ, ನಿನ್ನ ಮದುವೆಯನ್ನೇ ಪಣಕ್ಕಿಟ್ಟರು. ಅವನು ಕೂತ, ಆದರೆ ಕೈ ಹಾಕಲಿಲ್ಲ. "ಮನೆ ಯಜಮಾನ್ರು ಉಣ್ಣದೆ ನಾನು ಹೆಂಗೆ ಉಣ್ಲಿ ಹಾಜೀ?" ಅಂದ. ಅಪ್ಪ ಅವನನ್ನು ನೋಡಿದರು, ತಟ್ಟೆ ನೋಡಿದರು, ಮುದ್ದೆ ಮುರಿದು ಬೇಳೆಗೆ ಅದ್ದಿ ಬಾಯಿಗಿಟ್ಟರು. ನಾನು ಬಾಗಿಲ ಹಿಂದೆ ನಿಂತು ಅತ್ತೆ. ಅವನೂ ಉಂಡ, ನಿನ್ನ ಸಂಸಾರ ಉಳಿಯಿತು.

ಈಗ ದಿನಾ ಇದೇ. ಬೇರೆ ಓಣಿಗಳಲ್ಲೂ ಚಾಪೆ ಬಿದ್ದಿವೆ. ಸಾಲಿಗೆ ಬಾರದೆ ಬಾಗಿಲು ಹಾಕಿಕೊಂಡಿದ್ದವರು ಚಾಪೆಗೆ ಬಂದು ಕೂರುತ್ತಾರೆ. ನಿಯಮ ಮುರಿಯಿತು ಅಂತ ಸಭೆಯಲ್ಲಿ ನನ್ನ ಮೇಲೆ ಕೂಗಾಡಿದರು, ನಾನೂ ಕೂಗಾಡಿದೆ. ಬೇಳೆ ಮೂಟೆ ತಳ ಹಿಡಿದಿದೆ, ಮುಂದಿನದು ಬರುತ್ತದೋ ಇಲ್ಲವೋ, ಯೋಚಿಸಿದರೆ ಕೂತಲ್ಲಿ ಕೂರಲಾಗುವುದಿಲ್ಲ. ನೀನು ಹೊರಟು ಬಾ ಅನ್ನುತ್ತೀ. ಹಂಡೆ ಒಲೆಯ ಮೇಲಿರುವಾಗ ಹೇಗೆ ಬರಲಿ? ಬೈದುಕೋ, ಆದರೆ ದುವಾ ಮಾಡುವುದನ್ನು ಬಿಡಬೇಡ.

ನಿನ್ನ ಹಠಮಾರಿ,
ಸಿತ್ತನಾ

ತಾ.ಕ.: ಗಂಟು ಹೊತ್ತವನು ದಾರಿಹೋಕನಲ್ಲ, ಬತೂಲಳ ಮೈದುನ. ಹಿಂದಿನ ಓಣಿಯಿಂದ ಸುತ್ತು ಹಾಕಿಸಿ ನಾನೇ ಕಳಿಸಿದ್ದೆ. ಆಮೇಲೂ ದಿನಕ್ಕೊಬ್ಬರನ್ನು ಹಾಗೇ ಕಳಿಸುತ್ತಿದ್ದೇನೆ, ಅಪ್ಪನಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ನಿನ್ನೆ ಕೈ ತೊಳೆಯುವಾಗ ಮೆಲ್ಲಗೆ ಹೇಳಿದರು: "ನಾಳೆ ಆ ಮುದುಕ ಬಾಬಿಕರನನ್ನ ಈ ದಾರೀಲಿ ಕಳಿಸು. ದಿನಾ ಊಟ ಆಯ್ತು ಅಂತಾನೆ. ಅವನೂ ಶರಫುದ್ದೀನನ ಮನೇಲೇ ಉಣ್ಣೋದಂತೆ."