ದ್ರಾಕ್ಷಿಬಳ್ಳಿಗೆ ಹಾಕಿದ ಕತ್ತರಿ

ಹೊಲಿಗೆ ಅಂಗಡಿಯ ಹಿಂದಿನ ಕೋಣೆ
ಶನಿವಾರ, ಮಧ್ಯಾಹ್ನ

ಯಜಮಾನರಿಗೆ,

ನಮಸ್ಕಾರ. ನಾನು ಕ್ಷೇಮ. ನೀವು ಕ್ಷೇಮವಾಗಿಲ್ಲವೆಂದು ನಿಮ್ಮ ಕಾಗದವೇ ಕೂಗಿ ಹೇಳುತ್ತಿದೆ. ಮನೆ ಬಿಡುವ ದಿನ ಹೊಟ್ಟೆಕಿಚ್ಚಿಗೆ ಅಂಗಳದ ದ್ರಾಕ್ಷಿಬಳ್ಳಿಯನ್ನು ಕೊಂದು ಹೋದೆ ಎಂದು ಬರೆದಿದ್ದೀರಿ. ಭಾನುವಾರದೊಳಗೆ ವಾಪಸ್ ಬಂದು ತಪ್ಪಾಯಿತು ಎನ್ನದಿದ್ದರೆ ನರ್ಸರಿಯ ತಾತನನ್ನು ಕರೆಸಿ ಅದನ್ನು ಬೇರುಸಮೇತ ಕೀಳಿಸಿ, ಆ ಜಾಗದಲ್ಲಿ ಕಾರಿಗೆ ಶೆಡ್ ಹಾಕಿಸುತ್ತೀರಂತೆ.

ಕೀಳಿಸಿ. ನಾನು ಬರುವುದಿಲ್ಲ.

ಕತ್ತರಿ ಹಾಕಿದ್ದು ನಾನೇ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಹಾಡಹಗಲಲ್ಲೇ ಸ್ಟೂಲ್ ಹತ್ತಿ ಕತ್ತರಿಸಿದೆ. ಅತ್ತೆಯವರು ಸ್ಟೂಲ್ ಅಲುಗದಂತೆ ಕೆಳಗೆ ಹಿಡಿದುಕೊಂಡಿದ್ದರು. ಪ್ರತಿ ಕಡ್ಡಿಯಲ್ಲೂ ಚಿಗುರೊಡೆಯುವ ಕಣ್ಣು ಎರಡೇ ಬಿಟ್ಟು ಉಳಿದದ್ದನ್ನೆಲ್ಲ ತೆಗೆದೆ. ಎಲೆ ಉದುರಿಸಿದ ಬಳ್ಳಿ ಚಳಿಯುದ್ದಕ್ಕೂ ಮಲಗಿರುತ್ತದೆ, ಸತ್ತಿರುವುದಿಲ್ಲ. ಹೊಸ ಚಿಗುರಿನಲ್ಲಿ ಮಾತ್ರ ಅದು ಹಣ್ಣು ಬಿಡುತ್ತದೆ, ಅದಕ್ಕೇ ಹಳೆಯದನ್ನು ಸವರಬೇಕು. ಇದನ್ನು ಪ್ರತಿ ವರ್ಷವೂ ಹೇಳಿದೆ. ಪ್ರತಿ ವರ್ಷವೂ ನೀವು ಕತ್ತರಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಿರಿ. ನಿಮಗೆ ಬೇಕಿದ್ದುದು ಹಣ್ಣಲ್ಲ, ನಿಮ್ಮ ಇಸ್ಪೀಟು ಮಂಡಳಿಗೆ ನೆರಳು. ಚಪ್ಪರದ ತುಂಬ ಬರೀ ಎಲೆ. ಗೊಂಚಲು ಬೆರಳುದ್ದ, ಬಾಯಿಗಿಟ್ಟರೆ ಹುಳಿ. ಆ ಹುಳಿಗೂ ನನ್ನ ಕೈಗುಣವೇ ಕಾರಣ ಎಂದಿರಿ. ಹಾಗಾದರೆ ನಾನೇ ನೆಟ್ಟ ಅಂಜೂರ, ಸೀಬೆ, ನಿಂಬೆ ಮೈತುಂಬ ಕಾಯಿ ಬಿಡುವುದು ಯಾರ ಕೈಗುಣದಿಂದ ಎಂದು ಕೇಳುವ ಮನಸ್ಸಾಗಿತ್ತು.

ಕೊನೆಯ ಸಂಜೆ ನಿಮ್ಮ ಗೆಳೆಯರೊಬ್ಬರು ತೋಟವನ್ನು ಹೊಗಳಿದರು. ಎಲ್ಲ ನಾನೇ ಬೆಳೆಸಿದ್ದು ಎಂದಿರಿ. ಟೀ ಲೋಟ ಇಡುತ್ತಿದ್ದ ನನ್ನನ್ನು ತೋರಿಸಿ, ಇವರದೇನೂ ಇಲ್ಲವೇ ಎಂದು ಅವರು ಕೇಳಿದರು. ನಿಮ್ಮ ಉತ್ತರ ಇನ್ನೂ ಕಿವಿಯಲ್ಲಿದೆ: “ಇವಳಿಗೇನ್ ಗೊತ್ತು, ಹೇಳಿದಷ್ಟು ನೀರು ಹಾಕ್ತಾಳೆ ಅಷ್ಟೇ.” ಎಲ್ಲರೂ ನಕ್ಕರು. ನಾನೂ ನಕ್ಕೆ. ನಿಮ್ಮ ಮಾತಿಗಿಂತ ನನ್ನ ಆ ನಗುವೇ ನನಗೆ ಹೇಸಿಗೆ ಹುಟ್ಟಿಸಿತು.

ಇಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತೇನೆ. ಕೋಣೆ ಚಿಕ್ಕದು, ನಾಲ್ಕು ಹೆಜ್ಜೆ ಇಟ್ಟರೆ ಗೋಡೆ. ಹಿಂದೆ ಬಟ್ಟೆ ಒಣಹಾಕುವಷ್ಟು ಅಂಗಳವಿದೆ, ದಿನವಿಡೀ ಬಿಸಿಲು. ಅಂಗಡಿಯಾಕೆ ನನ್ನನ್ನು ಅಕ್ಕ ಎನ್ನುತ್ತಾಳೆ. ಬಟ್ಟೆಯನ್ನು ಎಲ್ಲಿಂದ ಕತ್ತರಿಸಿದರೆ ಒಳ್ಳೆಯದು ಎಂದು ನನ್ನನ್ನೇ ಕೇಳುತ್ತಾಳೆ. ಮೊದಲ ಸಲ ಕೇಳಿದಾಗ ಅಳು ಬಂತು. ಇದನ್ನು ನಿಮಗೆ ಹೇಳಬಾರದು ಎಂದುಕೊಂಡಿದ್ದೆ, ಹೇಳಿಬಿಟ್ಟೆ.

ಬಳ್ಳಿಯ ಹೆಸರೆತ್ತಿದರೆ ಬಿದ್ದಂಬೀಳ ಓಡಿಬರುತ್ತೇನೆಂದು ನೀವು ಲೆಕ್ಕ ಹಾಕಿದಿರಿ. ಆ ಬಳ್ಳಿ ಎಂದರೆ ನನಗೆ ಪ್ರಾಣ, ಸುಳ್ಳೇಕೆ ಹೇಳಲಿ. ಆದರೆ ಅದನ್ನು ಒತ್ತೆಯಿಟ್ಟು ನನ್ನನ್ನು ಬಗ್ಗಿಸಲಾಗದು. ತಪ್ಪಾಯಿತು ಎಂಬ ಮಾತು ನನ್ನ ಬಾಯಿಂದ ಬರುವುದಿಲ್ಲ. ಬರಬೇಕಾದವರ ಬಾಯಿಂದಲೂ ಬರುವುದಿಲ್ಲವೆಂದು ಗೊತ್ತಿದೆ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಇತಿ,
ಸದ್ಯಕ್ಕೆ ಕಾಗದದಲ್ಲಿ ಮಾತ್ರ ನಿಮ್ಮವಳು

ಮರೆತಿದ್ದೆ: ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ನಾಳೆ ನಿಮ್ಮಲ್ಲಿಗೆ ಬರುವ ನರ್ಸರಿಯ ತಾತನ ಕೈಯಲ್ಲೇ ಕೊಡುತ್ತಿದ್ದೇನೆ. ಬಳ್ಳಿ ಗಾಡಿ ಹತ್ತಿದ ಮೇಲೆಯೇ ಇದನ್ನು ನಿಮಗೆ ಕೊಡಬೇಕೆಂದು ಹೇಳಿದ್ದೇನೆ. ಹೀಗೆ ಸವರಿ ಮಲಗಿಸಿದ ಬಳ್ಳಿಯನ್ನು, ಬೇರಿನ ಮಣ್ಣು ಒಡೆಯದಂತೆ ಎತ್ತಿದರೆ, ಬೇರೆಡೆ ನೆಡಬಹುದು. ಕತ್ತರಿ ಹಿಡಿದಾಗಲೇ ನನಗದು ಗೊತ್ತಿತ್ತು. ನಿಮ್ಮನ್ನು ಒಪ್ಪಿಸುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ; ಕೀಳಿಸುತ್ತೇನೆಂದು ನೀವೇ ಬರೆದು ಕಳಿಸಿದಿರಿ. ಇಲ್ಲಿ ಗುಂಡಿ ತೋಡಿ, ಗೊಬ್ಬರ ಹಾಕಿ ಕಾಯುತ್ತಿದ್ದೇನೆ. ಅತ್ತೆಯವರು ಆಸೆಪಟ್ಟಿದ್ದ ದಾಳಿಂಬೆ ಸಸಿಯನ್ನು ತಾತ ಗೇಟಿನ ಬಳಿ ಇಳಿಸಿರುತ್ತಾನೆ, ಒಳಗೆ ತೆಗೆದುಕೊಳ್ಳಿ. ನನ್ನ ಕಡೆಯಿಂದ ಆ ಮನೆಗೆ ಬರುವುದು ಅದೊಂದೇ.