ನಡೆಯದ ತರಗತಿಗೆ ನನ್ನ ಗೈರುಹಾಜರಿ

ಪ್ರಾಮಾಣಿಕತೆಗೂ ಪ್ರಮಾಣಪತ್ರ ಕೊಡುವ ಅಧಿಕಾರವುಳ್ಳ ಮಾನ್ಯ ಕುಲಸಚಿವರೇ,

ನಿಮ್ಮ ಕಚೇರಿಯ ನೋಟಿಸ್ ಕೈಸೇರಿದೆ. ಸಂಶೋಧನಾ ನೀತಿ ಮತ್ತು ಪ್ರಾಮಾಣಿಕತೆ ಕುರಿತ ಎರಡು ದಿನದ ಕಡ್ಡಾಯ ತರಬೇತಿಯಲ್ಲಿ ನಾಲ್ಕನೆಯ ತರಗತಿಗೆ ನಾನು ಗೈರುಹಾಜರಾಗಿದ್ದೇನಂತೆ. ಆದ್ದರಿಂದ ನನಗೆ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರವಿಲ್ಲದೆ ಪಿಎಚ್.ಡಿ. ಪ್ರಬಂಧವನ್ನು ನೀವು ಮುಟ್ಟುವುದಿಲ್ಲ. ಈ ತಿಂಗಳ ಮೂವತ್ತಕ್ಕೆ ನನ್ನ ನೋಂದಣಿ ಮುಗಿಯುತ್ತದೆ, ಆಮೇಲೆ ಆರು ವರ್ಷದ ದುಡಿಮೆ ಗೋವಿಂದ. ಎಲ್ಲವೂ ನಿಯಮದಂತೆಯೇ ಇದೆ ಸ್ವಾಮಿ, ಒಂದೇ ಒಂದು ಸಣ್ಣ ತೊಡಕು: ನಾಲ್ಕನೆಯ ತರಗತಿ ನಡೆದೇ ಇಲ್ಲ!

ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಮೊದಲ ದಿನ ಬೆಳಿಗ್ಗೆ ಒಂದನೆಯ ತರಗತಿ ಮುಗಿಯಿತು, ಉಪ್ಪಿಟ್ಟಿನ ತಟ್ಟೆಯ ಹಿಂದೆಯೇ ಹಾಜರಿ ಪುಸ್ತಕ ಬಂತು. ಪ್ರತಿ ಹೆಸರಿನ ಮುಂದೆ ನಾಲ್ಕು ಮನೆ. ನಾನು ಮೊದಲನೆಯದರಲ್ಲಿ ಸಹಿ ಮಾಡಿ ಪೆನ್ನು ಕೆಳಗಿಟ್ಟೆ. ನಿಮ್ಮ ಕಚೇರಿಯ ಗುಮಾಸ್ತ ಗುರುರಾಜ ಅವರಿಗೆ ಗಾಬರಿಯಾಯಿತು.

"ಮೇಡಮ್ಮರೇ, ನಾಲ್ಕೂ ಹೊಡದ ಬಿಡ್ರಿ. ಮತ್ತ ಮತ್ತ ಪುಸ್ತಕ ಎಲ್ಲಿ ತಿರಗಸೋದ್ರಿ?"

"ಉಳಿದ ಮೂರು ಇನ್ನಾ ಆಗಿಲ್ಲಲ್ರಿ."

"ಆಗ್ತಾವ ತಗೋರಿ, ಎಲ್ಲಿ ಹೋಗ್ತಾವ?"

ಹೋಯಿತು ಒಂದು, ನಾಲ್ಕನೆಯದು. ಎರಡು, ಮೂರರ ಮನೆಗೆ ಆಯಾ ತರಗತಿ ಮುಗಿದ ಮೇಲೆ ಸಹಿ ಮಾಡಿದ್ದೆ. ಎರಡನೆಯ ದಿನ ಊಟವಾದ ಮೇಲೆ, ಉಪನ್ಯಾಸ ಕೊಡಲು ಬಂದಿದ್ದವರು ರೈಲಿಗೆ ಹೊತ್ತಾಯಿತೆಂದು ಎದ್ದರು. ನಾವು ಅವರಿಗೆ ಕೈಮುಗಿದು ನಮ್ಮ ನಮ್ಮ ಬಸ್ಸು ಹಿಡಿದೆವು. ಆ ತರಗತಿಯ ವಿಷಯ ಏನಿತ್ತು ಗೊತ್ತೇ? 'ಇಲ್ಲದ ಮಾಹಿತಿಯನ್ನು ಸೃಷ್ಟಿಸಬಾರದು ಏಕೆ?' ಇಲ್ಲದ ತರಗತಿಯಲ್ಲಿ ಉಳಿದ ಮೂವತ್ತೊಂಬತ್ತು ಮಂದಿ ಹಾಜರಿದ್ದು ಪ್ರಾಮಾಣಿಕರೆಂದು ಪ್ರಮಾಣಪತ್ರ ಪಡೆದರು. ಖಾಲಿ ಮನೆ ಬಿಟ್ಟ ನಾನೊಬ್ಬಳು ತಪ್ಪಿತಸ್ಥೆ. ನಿಮ್ಮ ವರದಿಯಲ್ಲಂತೂ ಆ ತರಗತಿ "ಕಾವೇರಿದ ಚರ್ಚೆಯಿಂದ ಕಳೆಗಟ್ಟಿತು" ಎಂದಿದೆ. ಖಾಲಿ ಕುರ್ಚಿಗಳು ಅಷ್ಟು ಚೆನ್ನಾಗಿ ಚರ್ಚಿಸುತ್ತವೆಂದು ಗೊತ್ತಿದ್ದರೆ ನಾನೂ ಕೂತು ಕೇಳುತ್ತಿದ್ದೆ.

ನಾನೇನು ಹುಟ್ಟು ಸತ್ಯವಂತೆಯಲ್ಲ ಮಾನ್ಯರೇ. ನನಗೆ ಈ ರೋಗ ಅಂಟಿದ್ದು ಅಫಜಲಪುರ ತಾಲ್ಲೂಕಿನ ಕರಜಗಿಯಲ್ಲಿ. ಹೆಣ್ಣುಮಕ್ಕಳು ಬಿತ್ತನೆ ಜೋಳವನ್ನು ಹೇಗೆ ಆರಿಸಿ ಕಾಪಿಡುತ್ತಾರೆ ಎಂಬುದು ನನ್ನ ಸಂಶೋಧನೆ. ಸುತ್ತಲೂ ಕಬ್ಬು ಎದ್ದಿದ್ದರೂ ಅಲ್ಲಿನ ಸುಭದ್ರಾಬಾಯಿ ತಮ್ಮ ಎರಡೆಕರೆಯಲ್ಲಿ ಇವತ್ತಿಗೂ ತಾವೇ ತೆನೆ ಆರಿಸಿ, ಬೂದಿ ಬೆರೆಸಿ, ಬೀಜ ಗಡಿಗೆಗೆ ತುಂಬುತ್ತಾರೆ. ಹನ್ನೆರಡು ವರ್ಷದ ವಿವರ ನೆನಪಿನಿಂದ ಹೇಳಿದರು. ಒಂದು ವರ್ಷದ್ದು ಮಾತ್ರ ಹೇಳಲಿಲ್ಲ. ನಾನೇನು ಮಾಡಿದೆ? ಹಿಂದಿನ ವರ್ಷದ್ದನ್ನೇ ಅಲ್ಲಿಗೂ ಇಳಿಸಿದೆ. ಪಟ್ಟಿ ಅಂದವಾಗಿ ಕಂಡಿತು. ನನ್ನ ಮಾರ್ಗದರ್ಶಕರೂ ಮೆಚ್ಚಿದರು.

ಆದರೆ ಸುಭದ್ರಾಬಾಯಿಯದೊಂದು ಕರಾರಿತ್ತು. ಬರೆದದ್ದನ್ನೆಲ್ಲ ಅವರ ಕಟ್ಟೆಯ ಮೇಲೆ ಕೂತು ಓದಿ ಹೇಳಬೇಕು, ಆಮೇಲೆಯೇ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು. ಓದುತ್ತಾ ಆ ವರ್ಷಕ್ಕೆ ಬಂದೆ. ತೊಗರಿ ಕೇರುತ್ತಿದ್ದ ಮೊರ ನಿಂತಿತು.

"ತಡಿಬೇ. ಇದು ಯಾರು ಹೇಳಿದ್ರು?"

"ಅಂದಾಜಿಲೆ ಬರದೀನಿ ಆಯಿ. ಪ್ರತಿ ವರ್ಷದಂಗೇ ಇರ್ತದಲ್ಲ ಅಂತ..."

"ಆ ಸಲ ನಾ ಅಂದೋಲಾ ಊರಾಗ ಮಗಳ ಬಾಣಂತನ ಮಾಡಾಕತ್ತಿದ್ದೆ. ಬೀಜ ಯಾರು ಆರಿಸಿದ್ರೋ, ಹ್ಯಾಂಗ ಆರಿಸಿದ್ರೋ, ನಾ ನೋಡಿಲ್ಲ. ನಾ ನೋಡಲಾರದ್ದು ನನ್ನ ಹೆಸರಿಲೆ ಬರೀತೀ ಏನ್? ಖಾಲಿ ಬಿಡು. ಖಾಲಿ ಇದ್ರ ಏನ್ ನಿನ್ನ ಸಾಲಿ ಮುಚ್ತದೇನ್?"

ಅವರೆದುರೇ ಆ ಸಾಲು ಹೊಡೆದುಹಾಕಿದೆ. ಆಮೇಲೆಯೇ ಮಸಿಯ ಡಬ್ಬಿಗೆ ಬೆರಳು ಮುಟ್ಟಿಸಿದರು. ಇನ್ನು ಮುಂದೆ ಕಾಣದ್ದಕ್ಕೆ ಸಹಿ ಮಾಡುವುದಿಲ್ಲ ಎಂದು ಅವತ್ತು ಅವರಿಗೆ ಮಾತು ಕೊಟ್ಟೆ. ನೋಡಿ, ನಿಮ್ಮ ನಾಲ್ಕನೆಯ ತರಗತಿ ನನಗೆ ಕರಜಗಿಯ ಕಟ್ಟೆಯ ಮೇಲೆ ಮೊದಲೇ ಆಗಿಹೋಗಿತ್ತು. ದುರದೃಷ್ಟವಶಾತ್ ಅಲ್ಲಿ ಹಾಜರಿ ಪುಸ್ತಕ ಇರಲಿಲ್ಲ.

ಜೇವರ್ಗಿಯ ಸಂಕೇತ ನನ್ನ ಜೊತೆಗೇ ತರಬೇತಿಗೆ ಕೂತವನು. ಮೊನ್ನೆ ಫೋನ್ ಮಾಡಿ, "ಅಕ್ಕಾ, ಒಂದು ಸಹಿದ ಸಲಾಕ ಇಷ್ಟು ಹಟ ಯಾಕ್ರಿ? ಈಗರೆ ಹೋಗಿ ಹೊಡದ ಬರ್ರಿ, ಗುರುರಾಜ ಸರ್ ಪುಸ್ತಕ ತಗದು ಇಟ್ಟಾರ" ಎಂದ. ಒಳ್ಳೆಯ ಮನಸ್ಸಿನ ಹುಡುಗ, ಹೇಳಿದ್ದೂ ಸುಳ್ಳಲ್ಲ. ಒಂದು ಸುಳ್ಳು ಹೇಳಿದರೆ ಇವತ್ತೇ ನನಗೆ ಪ್ರಾಮಾಣಿಕತೆಯ ಪತ್ರ ಸಿಗುತ್ತದೆ. ಹೋಗಿಬಿಡಲೇ ಎಂದು ಎರಡು ದಿನ ಒದ್ದಾಡಿದ್ದೂ ಉಂಟು, ಮುಚ್ಚಿಡುವುದಿಲ್ಲ. ಡಾಕ್ಟರ್ ಅನ್ನಿಸಿಕೊಳ್ಳುವ ಆಸೆ ನನಗೂ ಇದೆ. ಆದರೆ ಆಮೇಲೆ ಯಾವ ಮುಖ ಹೊತ್ತು ಕರಜಗಿಯ ಬಸ್ಸು ಹತ್ತಲಿ?

ಇನ್ನು ನನ್ನ ಬೇಡಿಕೆ. ಗೈರುಹಾಜರಿಗೆ ಕಾರಣ ಕೇಳಿದ್ದೀರಿ, ಮೇಲೆ ಹೇಳಿದ್ದೇನೆ. ಮೂವತ್ತರೊಳಗೆ ಆ ನಾಲ್ಕನೆಯ ತರಗತಿಯನ್ನು ನಡೆಸಿ. ಒಂದು ತಾಸು ಸಾಕು. ಮೂವತ್ತೊಂಬತ್ತು ಮಂದಿಯನ್ನೂ ಕರೆಯಿರಿ, ಅವರಿಗೂ ಅವರ ಸಹಿಗೂ ಭೇಟಿಯಾಗಲಿ. ಉಪನ್ಯಾಸಕ್ಕೆ ಜನ ಸಿಗದಿದ್ದರೆ ಸುಭದ್ರಾಬಾಯಿಯನ್ನು ಬೆಳಗಿನ ಬಸ್ಸಿಗೆ ನಾನೇ ಕರೆತರುತ್ತೇನೆ. ಅವರಿಗೆ ಪರದೆ, ಮೈಕು ಬೇಡ, ಹಿಡಿಯಬೇಕಾದ ರೈಲೂ ಇಲ್ಲ. ಹಾಜರಿ ಪುಸ್ತಕವನ್ನು ಬೆಳಿಗ್ಗೆಯೇ ಅವರ ಮುಂದೆ ಹಿಡಿಯಬೇಡಿ ಎಂದು ಗುರುರಾಜ ಅವರಿಗೆ ಮಾತ್ರ ದಯವಿಟ್ಟು ಹೇಳಿ. ಆಯಿ ಹೆಬ್ಬೆಟ್ಟು ಒತ್ತುವವರು ನಿಜ, ಆದರೆ ತರಗತಿ ಮುಗಿದ ಮೇಲೆ ಒತ್ತುತ್ತಾರೆ.

ಇಂತಿ,
ಮೂರು ತರಗತಿಗಳಷ್ಟು ಮಾತ್ರ ಪ್ರಾಮಾಣಿಕಳಾದ
ಭಾಗ್ಯಜ್ಯೋತಿ
ನರೋಣಾ, ಆಳಂದ ತಾಲ್ಲೂಕು