ತಟ್ಟೆಯ ಪಕ್ಕದ ಬಿಲ್ವಪತ್ರೆ

ಬಸವನಗುಡಿ
೧೪-೭-೧೯೫೪

ಮುದ್ದಿನ ಸರ್ವಮಂಗಳೆಗೆ,

ನಿನ್ನ ಅಮ್ಮನ ಆಶೀರ್ವಾದ. ಮದರಾಸಿನ ಬಿಸಿಲಿಗೆ ಕರಗಿಹೋಗದೆ ಉಳಿದಿದ್ದೀಯೆಂದು ನಂಬಿದ್ದೇನೆ.

ಮೊದಲು ನಿಮ್ಮಪ್ಪ ಹೇಳಿದ್ದನ್ನು ಬರೆದುಬಿಡುತ್ತೇನೆ. ಡಾಕ್ಟರಿ ಪರೀಕ್ಷೆ ಪಾಸಾಯಿತಲ್ಲ, ಇನ್ನು ನೀನು ಮನೆಗೆ ಬರಬೇಕಂತೆ. ಗವಿಪುರಂನ ಗಂಡಿನ ಮನೆಯವರು ಕಾಯುತ್ತಿದ್ದಾರಂತೆ. ವಯಸ್ಸಾದವರಿಗೆ ಅರಳುಮರಳು ಬಂದೇ ಬರುತ್ತದೆ, ಅದರ ಮೇಲೆ ಎರಡು ವರ್ಷ ಸಂಶೋಧನೆ ಏತಕ್ಕೆ ಎನ್ನುತ್ತಾರೆ. ಹೇಳಿದ್ದಾಯಿತು. ಇನ್ನು ಮುಂದಿನದು ನನ್ನ ಮಾತು.

ಅಜ್ಜಿ ಲಿಂಗಪೂಜೆ ಮುಗಿಸಿ ಎದ್ದವರು ಮತ್ತೆ ಮತ್ತೆ ಪೂಜೆಗೆ ಕೂರುತ್ತಾರೆಂದು ಹೆಮ್ಮೆಯಿಂದ ಬರೆದಿದ್ದೆ. ಬೀದಿಯ ಹೆಂಗಸರು ಬಂದು ಅವರ ಕಾಲಿಗೆ ಬೀಳುತ್ತಿದ್ದರು, ನಾನೂ ಬಿದ್ದೆ. ಅದು ಭಕ್ತಿಯಲ್ಲಮ್ಮ, ಮರೆವು ಎಂದು ನೀನು ಉತ್ತರ ಬರೆದಾಗ ಸಿಟ್ಟು ಬಂದು ಕಾಗದ ಮಡಿಸಿಟ್ಟೆ. ಹೋದ ಸೋಮವಾರ ಅವರು ಪೂಜೆಯ ಮಣೆಯ ಮೇಲೇ ತಲೆತಿರುಗಿ ಬಿದ್ದರು. ಪೂಜೆಯಾಗದೆ ನೀರನ್ನೂ ಮುಟ್ಟದ ಜೀವ. ಪೂಜೆ ಆಯಿತೆಂಬುದೇ ನೆನಪಿಲ್ಲದಿದ್ದರೆ ಉಣ್ಣುವುದು ಯಾವಾಗ? ನಾವು ಕೈಮುಗಿಯುತ್ತ ಅವರನ್ನು ಉಪವಾಸ ಕೆಡವಿದ್ದೆವು.

ಮಾರನೆಯ ದಿನ ಮಡಿಸಿಟ್ಟಿದ್ದ ಕಾಗದ ತೆಗೆದು, ಅದರಲ್ಲಿ ನೀನು ಬರೆದ ಹಾಗೆಯೇ ಮಾಡಿದೆ. ಲಿಂಗಕ್ಕೆ ಏರಿಸಿದ ಬಿಲ್ವಪತ್ರೆಯನ್ನು ಅವರ ತಟ್ಟೆಯ ಪಕ್ಕದಲ್ಲಿಟ್ಟೆ. ಮತ್ತೆ ಪೂಜೆಗೆ ಹೊರಟವರು ಅದನ್ನು ಕಂಡು ನಿಂತರು. ಕೈಗೆತ್ತಿಕೊಂಡು ವಿಭೂತಿ ಹತ್ತಿದ್ದನ್ನು ನೋಡಿದರು. "ಪೂಜೆ ಆಗಿದೆಯಲ್ಲ, ಬಡಿಸಮ್ಮ" ಎಂದರು. ಎರಡು ರೊಟ್ಟಿ ತಿಂದರು. ನಾನು ಅಡುಗೆಮನೆಗೆ ಹೋಗಿ ಸಂತೋಷಕ್ಕೆ ಅತ್ತೆ.

ನೆನಪೇನೂ ಮರಳಲಿಲ್ಲ, ಹೊಟ್ಟೆ ತುಂಬಿತು ಅಷ್ಟೆ. ಆಲ್ಜೈಮರ್ ಎಂಬ ಜರ್ಮನಿಯ ಡಾಕ್ಟರು ಹೀಗೇ ಮರೆಯುತ್ತಿದ್ದ ಹೆಂಗಸೊಬ್ಬಳ ಮಿದುಳಿನಲ್ಲಿ ರೋಗದ ಗುರುತು ಕಂಡು ಐವತ್ತು ವರ್ಷವಾಗುತ್ತ ಬಂತು, ಮುದುಕರದೂ ಅದೇ ರೋಗವಿರಬಹುದೇ ಎಂದು ನೋಡಿದವರು ಕಡಿಮೆ ಎಂದು ಬರೆದಿದ್ದೀಯಲ್ಲ, ನೀನು ನೋಡು. ಅಜ್ಜಿಯ ಕಾಲಕ್ಕೆ ಔಷಧಿ ಸಿಗದಿದ್ದರೂ ನಿನ್ನ ಮಕ್ಕಳ ಕಾಲಕ್ಕಾದರೂ ಸಿಕ್ಕೀತು. ವಯಸ್ಸು ಎಂದು ಎಲ್ಲರೂ ಸುಮ್ಮನಿದ್ದರೆ ಇನ್ನೆಷ್ಟು ಮನೆಗಳಲ್ಲಿ ಹೀಗೆ ಹಸಿದಿರುತ್ತಾರೋ.

ನಿಮ್ಮಪ್ಪನಿಗೆ ತಿಳಿಯದಂತೆ ಇದನ್ನು ಬರೆದಿದ್ದೇನೆ. ಬಾಯಿ ಬಿಡಬೇಡ.

ನಿನ್ನ ಅಮ್ಮ,
ಮಹಾನಂದ

ಮರೆತ ಮಾತು: ಈ ಕೊನೆಯ ಸಾಲುಗಳನ್ನು ಬರೆಯುತ್ತಿರುವವನು ನಿನ್ನ ಅಪ್ಪ. ಗಾಂಧಿ ಬಜಾರಿನಲ್ಲಿ ಅಂಚೆಗೆ ಹಾಕಿ ಎಂದು ನಿಮ್ಮಮ್ಮ ಕಾಗದವನ್ನು ನನ್ನ ಕೈಗೇ ಕೊಟ್ಟಳು. ಲಕೋಟೆ ಅಂಟಿಸಿರಲಿಲ್ಲ. ಇವತ್ತು ಊಟದ ಹೊತ್ತಿನಲ್ಲಿ ಅವ್ವ ನನ್ನನ್ನು ನೋಡಿ, "ಯಾರ ಮನೆಯವರಪ್ಪ ನೀವು? ಹಸ್ಕೊಂಡಿರೋ ಹಾಗಿದೆ, ಕೂತ್ಕೊಳ್ಳಿ" ಎಂದರು. ಮಗನೆಂದು ತಿಳಿಯಲಿಲ್ಲ, ಆದರೂ ತಮ್ಮ ರೊಟ್ಟಿಯನ್ನೇ ಮುರಿದು ಕೊಟ್ಟರು. ಗವಿಪುರಂನವರಿಗೆ ಎರಡು ವರ್ಷ ಕಾಯಲು ಹೇಳಿ ಬಂದೆ. ಯಾಕೆ ಹೀಗಾಗುತ್ತದೆಂದು ತಿಳಿದುಕೊಂಡೇ ಬಾ, ಮಗಳೇ.

ಪಂಚಾಕ್ಷರಯ್ಯ